ಎರಡನೇ ಪಿನ್ನು

ಆ ಮನೆಯ ಗೋಡೆಯ ಮೇಲೆ ಮಾರ್ಚ್ ಹದಿನಾರು ನಿಂತು ತಿಂಗಳ ಮೇಲಾಗಿತ್ತು. ಹೊರಗೆ ಪ್ರಪಂಚ ತನ್ನ ಪಾಡಿಗೆ ತಾನು ಏಪ್ರಿಲ್ ಮುಗಿಸುತ್ತಿತ್ತು, ಬಸ್ಸುಗಳು ಓಡುತ್ತಿದ್ದವು, ಕರೆಂಟಿನವನು ಮೀಟರು ನೋಡಿ ಹೋಗಿದ್ದ. ಊಟದ ಮೇಜಿನ ಮೇಲ್ಗಡೆ ಮೊಳೆಗೆ ನೇತುಹಾಕಿದ್ದ, ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರು ಮಾತ್ರ ಜಪ್ಪಯ್ಯ ಅಂದರೂ ಕದಲಿರಲಿಲ್ಲ. ಹರಿಯಲು ಕೈಗಳಿರಲಿಲ್ಲವೆಂದಲ್ಲ. ಅಮ್ಮನವು ಎರಡು, ಮಗಳವು ಎರಡು, ನಾಲ್ಕು ಗಟ್ಟಿಮುಟ್ಟಾದ ಕೈಗಳಿದ್ದವು. ಆದರೆ ಆ ಹಾಳೆ ಹರಿಯುವ ಹಕ್ಕು ಆ ಮನೆಯಲ್ಲಿ ಮೊದಲಿನಿಂದಲೂ ಅಪ್ಪನದು. ಅಪ್ಪನ ಬಲಗೈ ಈಗ ಮಡಿಲಲ್ಲಿ ಮಲಗಿದ್ದು ಏಳುತ್ತಿರಲಿಲ್ಲ.

ಅಪ್ಪನನ್ನು ಊರೆಲ್ಲ ತಾರೀಖಪ್ಪ ಅನ್ನುತ್ತಿತ್ತು. ಅದೇನು ಸುಮ್ಮನೆ ಬಂದ ಹೆಸರಲ್ಲ. ಅಚ್ಚಿನ ಮೊಳೆ ಜೋಡಿಸುವ ಕಾಲದಿಂದ ಅವನು ಒಂದೇ ಪ್ರೆಸ್ಸಿನಲ್ಲಿ ದುಡಿದವನು. ಆ ಪ್ರೆಸ್ಸು ವರ್ಷಕ್ಕೊಮ್ಮೆ ಹೊರತರುವ ಕ್ಯಾಲೆಂಡರಿಗೆ ದಿನದಿನದ ವಿಶೇಷ ಹುಡುಕಿ ಬರೆಯುವವನೂ ಅವನೇ, ಅಚ್ಚಿನ ತಪ್ಪು ತಿದ್ದುವವನೂ ಅವನೇ. ಯಾವತ್ತು ಯಾವ ಯುದ್ಧ ನಿಂತಿತು, ಯಾವ ಹಡಗು ಮುಳುಗಿತು ಅನ್ನುವುದನ್ನೆಲ್ಲ ಹಾಕುತ್ತಿದ್ದ, ಹಾಕದಿದ್ದರೆ ಜನ ಕೊಳ್ಳುವುದಿಲ್ಲ. ಅವನ ಪ್ರಾಣವಿದ್ದದ್ದು ಮಾತ್ರ ಸಣ್ಣ ಸಾಮಾನುಗಳ ಮೇಲೆ. ಬೆಂಕಿಕಡ್ಡಿ, ಸೇಫ್ಟಿ ಪಿನ್ನು, ಪೆನ್ಸಿಲ್ಲಿನ ತಲೆಗೆ ಅಂಟಿದ ರಬ್ಬರು.

"ರಾಜರು ಬಂದರು, ಹೋದರು. ಬೆಂಕಿಕಡ್ಡಿ ಇನ್ನೂ ಇದೆಯಲ್ಲ!" ಅನ್ನುವುದು ಅವನ ವಾದ. ಊಟಕ್ಕೆ ಕೂತಾಗ ಡಬ್ಬಿಯ ಮುಚ್ಚಳ ತೆಗೆಯಲು ಯಾರಾದರೂ ತಿಣುಕಿದರೆ ಮುಗಿಯಿತು. "ಆಹಾರ ತುಂಬಿ ಮುಚ್ಚೋ ತಗಡಿನ ಡಬ್ಬಿ ಬಂದು ಸುಮಾರು ಐವತ್ತು ವರ್ಷ ಆದ್ಮೇಲೆ ಅದನ್ನ ತೆಗೆಯೋ ಸಾಧನ ಬಂತು, ಗೊತ್ತಾ? ಅಲ್ಲಿವರೆಗೆ ಉಳಿ, ಸುತ್ತಿಗೆ!" ಅಮ್ಮ ಇದನ್ನು ಎಷ್ಟು ಸಲ ಕೇಳಿದ್ದಳೆಂದರೆ, ಗಂಡ ಬಾಯಿ ತೆರೆಯುವ ಮೊದಲೇ "ಉಳಿ, ಸುತ್ತಿಗೆ" ಅಂದುಬಿಡುತ್ತಿದ್ದಳು.

ಆ ಕ್ಯಾಲೆಂಡರಿನಲ್ಲಿ ಎರಡು ಚಮತ್ಕಾರಗಳಿದ್ದವು, ಎರಡೂ ಅಪ್ಪನವೇ. ಮೊದಲನೆಯದು, ಪ್ರತಿ ಹಾಳೆಯ ಬೆನ್ನ ಮೇಲೆ ಮರುದಿನದ ವಿಶೇಷ ಇರುತ್ತಿತ್ತು. ಬೆಳಿಗ್ಗೆ ಎದ್ದು ನಿನ್ನೆಯ ಹಾಳೆ ಹರಿದು ತಿರುಗಿಸಿದರೆ ಇವತ್ತಿನ ಸುದ್ದಿ. ನಿನ್ನೆಯನ್ನು ಹರಿಯದೆ ಇವತ್ತು ಸಿಗುವುದಿಲ್ಲ ಅನ್ನುವುದು ಅವನ ಲೆಕ್ಕ. ಎರಡನೆಯದು ಖಾಲಿ ದಿನ. ವರ್ಷದಲ್ಲಿ ಒಂದೇ ಒಂದು ಹಾಳೆಯ ಬೆನ್ನಿಗೆ ಅವನು ಹೀಗೆ ಅಚ್ಚು ಹಾಕಿಸುತ್ತಿದ್ದ: "ಈ ದಿನ ವಿಶೇಷವೇನೂ ನಡೆದಿಲ್ಲ. ಊಟ ಮಾಡಿ, ಚೆನ್ನಾಗಿ ನಿದ್ದೆ ಮಾಡಿ." ಸುದ್ದಿ ಸಿಗದೆ ಹಾಗೆ ಮಾಡುತ್ತಿದ್ದನೆಂದಲ್ಲ, ಬೇಕೆಂದೇ. ಪ್ರಪಂಚಕ್ಕೂ ಒಂದು ದಿನ ರಜೆ ಬೇಡವೇ? ಅದು ಯಾವ ದಿನ ಅನ್ನುವುದನ್ನು ಹೆಂಡತಿಗೂ ಹೇಳುತ್ತಿರಲಿಲ್ಲ.

ಖಾಲಿ ದಿನ ಊರಿನ ಮಕ್ಕಳಿಗೆ ಹುಚ್ಚು ಹಿಡಿಸಿತು. ಜನವರಿಯಲ್ಲೇ ಕೂತು ಪರಪರ ಹರಿದು ಹುಡುಕುವವು! ತಂದೆತಾಯಿಯರು ಪ್ರೆಸ್ಸಿಗೆ ಬಂದು ಜಗಳ ತೆಗೆದರು. ಆಗ ಅಪ್ಪನೇ ಮಾಲೀಕರಿಗೆ ಹೇಳಿ, ಹಾಳೆಗಳ ಕಟ್ಟಿಗೆ ಮೇಲ್ಗಡೆ ಹೊಡೆಯುತ್ತಿದ್ದ ಒಂದು ತಂತಿಪಿನ್ನಿನ ಜಾಗದಲ್ಲಿ ಎರಡು ಹೊಡೆಸಿದ. ಇನ್ನು ಹಾಳೆ ಬೇಕೆಂದರೆ ಒಂದು ಕೈಯಲ್ಲಿ ಕಟ್ಟನ್ನು ಬಿಗಿಯಾಗಿ ಅದುಮಿ, ಇನ್ನೊಂದು ಕೈಯಲ್ಲಿ ಹಾಳೆ ಹಿಡಿದು ಸೊಟ್ಟಗೆ ತಿರುಚಿ ಎಳೆಯಬೇಕು. ಮಕ್ಕಳ ಕೈಗೆ ಅದು ಬಗ್ಗಲಿಲ್ಲ. ಊರು ಅಪ್ಪನನ್ನು ಹೊಗಳಿತು.

ಮನೆಯಲ್ಲೂ ಅದೇ ಕಾನೂನು. ಇವತ್ತಿನ ಹಾಳೆ ಇವತ್ತೇ ಹರಿಯಬಾರದು. ಮಗಳು ಆರು ವರ್ಷದವಳಿದ್ದಾಗ ಒಂದು ಮಧ್ಯಾಹ್ನ ಕುರ್ಚಿ ಹತ್ತಿ, ಹಲ್ಲಲ್ಲಿ ಕಚ್ಚಿ, ಅವತ್ತಿನ ಹಾಳೆಯನ್ನು ಹರಿದಿದ್ದಳು. ಅಪ್ಪ ಬೈಯಲಿಲ್ಲ, ಹೊಡೆಯಲಿಲ್ಲ. ಗೋಂದಿನ ಬಾಟಲಿ ತಂದು ಮುಂದಿಟ್ಟ. "ಅಂಟಿಸು," ಅಂದ. ಅವಳು ಅಳುತ್ತಾ ಸಂಜೆಯವರೆಗೆ ಅಂಟಿಸಿದಳು. ಅವತ್ತು ಮೂಗಿಗೆ ಹತ್ತಿದ ಗೋಂದಿನ ವಾಸನೆ ಇವತ್ತಿಗೂ ಹೋಗಿಲ್ಲ ಅನ್ನುತ್ತಾಳೆ.

ಮಾರ್ಚ್ ಹದಿನೇಳರ ಬೆಳಿಗ್ಗೆ ಅಪ್ಪ ಹದಿನಾರರ ಹಾಳೆ ಹರಿಯಲು ಬಲಗೈ ಚಾಚಿದವನು ಚಾಚಿದ ಹಾಗೇ ಗೋಡೆಗುಂಟ ಜಾರಿ ಕುಸಿದ. ಲಕ್ವ. ಆಸ್ಪತ್ರೆಯಲ್ಲಿ ಜೀವ ಉಳಿಯಿತು, ಮಾತು ಕುಂಟುತ್ತಾ ವಾಪಸು ಬಂತು, ಬಲಗಾಲು ಎಳೆದುಕೊಂಡಾದರೂ ನಡೆಯಲು ಕಲಿಯಿತು. ಬಲಗೈ ಮಾತ್ರ ರಾಜೀನಾಮೆ ಕೊಟ್ಟಿತು. ಮನೆಗೆ ಬಂದ ದಿನ ಅವನು ಮಾಡಿದ ಮೊದಲ ಕೆಲಸ ಕ್ಯಾಲೆಂಡರಿನ ಮುಂದೆ ನಿಂತದ್ದು. ಎಡಗೈಯಲ್ಲಿ ಹಾಳೆ ಹಿಡಿದು ಎಳೆದ. ಎರಡು ಪಿನ್ನು ಹೊಡೆದ ಕಟ್ಟು ಹಾಳೆ ಬಿಡಲಿಲ್ಲ, ಇಡೀ ಕ್ಯಾಲೆಂಡರೇ ಮೊಳೆ ಬಿಟ್ಟು ಕಾಲ ಮೇಲೆ ಬಿತ್ತು. ಮಾಡಿದ್ದುಣ್ಣೋ ಮಹಾರಾಯ!

ಅಮ್ಮ ಎತ್ತಿ ತಗುಲಿಸಿ, "ನಾನು ಹರೀತೀನಿ ಬಿಡಿ, ಅದೇನು ದೊಡ್ಡ ಕೆಲಸ," ಅಂದಳು.

"ಮುಟ್ಟಬೇಡ," ಅಂದ ಅಪ್ಪ. ಒಂದೊಂದು ಅಕ್ಷರವೂ ನಾಲಿಗೆಗೆ ಅಂಟಿಕೊಂಡು ಬರುತ್ತಿತ್ತು. "ನನ್ನ ಕೈ ಹರೀಬೇಕು. ಇಲ್ಲಾಂದ್ರೆ ಅದು ಅಲ್ಲೇ ಇರ್ಲಿ."

ಅದು ಅಲ್ಲೇ ಇತ್ತು.

ಏಪ್ರಿಲ್ ಕೊನೆಯಲ್ಲಿ ಪ್ರೆಸ್ಸಿನ ಮಾಲೀಕರು ನೋಡಲು ಬಂದರು. ಹಣ್ಣು ಕೊಟ್ಟು, ಆರೋಗ್ಯ ಕೇಳಿ, ಕುರ್ಚಿಯ ತುದಿಯಲ್ಲಿ ಕೂತು, ಕೊನೆಗೆ ವಿಷಯಕ್ಕೆ ಬಂದರು. ಮುಂದಿನ ವರ್ಷದ ಕ್ಯಾಲೆಂಡರಿನ ಬರವಣಿಗೆ ಮೇ ಮುಗಿಯುವುದರೊಳಗೆ ಶುರುವಾಗಬೇಕು. ಬೇರೆ ಊರಿನ ಕಂಪನಿಯೊಂದು ರೆಡಿಮೇಡ್ ಸಾಮಗ್ರಿ ಕೊಡುತ್ತದಂತೆ. "ನೀವು ಹೇಳಿದ್ರೆ ಕಾಯ್ತೀನಿ. ನೀವು ಹೇಳಿ, ಮಗಳು ಬರ್ಕೊಳ್ಳಲಿ, ಸಾಕು. ಆಗಲ್ಲ ಅಂದ್ರೂ ಬೇಜಾರಿಲ್ಲ."

ಅಪ್ಪ ಎಡಗೈಯಿಂದ ಗೋಡೆ ತೋರಿಸಿದ. "ಅದನ್ನ ಹರಿಯೋಕಾದ ದಿನ ಕೆಲಸ ಶುರು. ಆಗ್ಲಿಲ್ಲ ಅಂದ್ರೆ ನೀವು ಆ ಕಂಪನಿಗೇ ಹೇಳಿ. ನಿನ್ನೆಯನ್ನೇ ಹರಿಯಲಾರದವನು ನಾಳೆದು ಏನು ಬರೀತಾನೆ?"

ಮಾಲೀಕರು ಹೋದ ಮೇಲೆ ಅವನು ಗೋಡೆಯ ಕಡೆ ಮುಖ ಮಾಡಿ ಮಲಗಿದ. ಮರುದಿನ ಕೈಕಾಲಿನ ವ್ಯಾಯಾಮ ಮಾಡಿಸಲು ಬಂದ ನರ್ಸಿಗೆ ಎಡಗೈಯನ್ನೂ ಕೊಡಲಿಲ್ಲ. ನರ್ಸು ಹೊರಗೆ ಬಂದು ಮೆಟ್ಟಿಲ ಮೇಲೆ ಚಪ್ಪಲಿ ಹಾಕಿಕೊಳ್ಳುತ್ತಾ ಮಗಳಿಗೆ ಹೇಳಿದಳು: "ಒಂದು ಕೈ ಹೋದವರು ಇನ್ನೊಂದರಲ್ಲಿ ಬದುಕ್ತಾರೆ, ನಾನು ಬೇಕಾದಷ್ಟು ನೋಡಿದ್ದೀನಿ. ಆದ್ರೆ ಬೇಕು ಅನ್ನಿಸಬೇಕು. ಇವರು ಹೀಗೇ ಮಲಗಿದ್ರೆ ಆ ಕೈಯೂ ಕೆಲಸ ಮರೆಯುತ್ತೆ."

ಅಪ್ಪ ಹೀಗೆ ಮಲಗಿಕೊಂಡೇ ಮುಗಿದುಹೋಗುತ್ತಾನೆ ಅನ್ನುವುದು ಮಗಳಿಗೆ ಕಣ್ಣಿಗೆ ಕಟ್ಟಿದಂತೆ ಕಂಡಿತು. ಆಮೇಲೆ ಸಿಟ್ಟು ಬಂತು. ಸಿಟ್ಟು ಬಂದರೆ ಅವಳ ಕೈ ಸುಮ್ಮನಿರುವುದಿಲ್ಲ.

ಅವಳದು ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಬ್ಯಾಗು ರಿಪೇರಿಯ ಅಂಗಡಿ. ಕಿತ್ತುಹೋದ ಹಿಡಿಕೆ, ಬಾಯಿಬಿಟ್ಟ ಸೂಟ್‌ಕೇಸು, ಹಲ್ಲುದುರಿದ ಜಿಪ್ಪು, ಏನೇ ತಂದರೂ ಆಗುವುದಿಲ್ಲ ಅಂದವಳಲ್ಲ. ಗಿರಾಕಿಗಳು ಅವಳನ್ನು ಜಿಪ್ಪಕ್ಕ ಅನ್ನುತ್ತಿದ್ದರು. ಕೈ ಸರಿಮಾಡುವುದು ಡಾಕ್ಟರ ಕೆಲಸ, ಕ್ಯಾಲೆಂಡರು ಸರಿಮಾಡುವುದು ತನ್ನ ಕೆಲಸ ಎಂದು ಅವಳು ಅವತ್ತೇ ತೀರ್ಮಾನ ಮಾಡಿದಳು. ಹಠ ಆ ಮನೆಯ ಪಿತ್ರಾರ್ಜಿತ ಆಸ್ತಿ. ಪಾಲು ಕೇಳುವವರು ಬೇರೆ ಯಾರೂ ಇಲ್ಲದ್ದರಿಂದ ಪೂರ್ತಿ ಅವಳಿಗೇ ಬಂದಿತ್ತು.

ಮೊದಲ ಉಪಾಯ ಸುಲಭದ್ದು. ಕ್ಯಾಲೆಂಡರು ಅಲ್ಲಾಡುವುದರಿಂದ ತಾನೇ ತೊಂದರೆ? ಅದರ ರಟ್ಟನ್ನು ಗೋಡೆಗೆ ನಾಲ್ಕು ಮೂಲೆಯಲ್ಲೂ ಸ್ಕ್ರೂ ಹಾಕಿ ಬಿಗಿದಳು. ಅಪ್ಪನನ್ನು ಬೇಡಿ, ಕಾಡಿ, ಅಮ್ಮನಿಂದ ಹೇಳಿಸಿ, ಎಬ್ಬಿಸಿ ನಿಲ್ಲಿಸಿದಳು. ಅಪ್ಪ ಎಡಗೈಯಲ್ಲಿ ಹಾಳೆ ಹಿಡಿದು ಎಳೆದ. ಪರ್ ಎಂದಿತು. ಮೂರು ಜನರ ಮುಖವೂ ಅರಳಿತು. ಮರುಕ್ಷಣ ನೋಡಿದರೆ ಹಾಳೆ ಓರೆಯಾಗಿ ಹರಿದು, ಹದಿನಾರರಲ್ಲಿ ಒಂದರ ಅಂಕಿ ಅಲ್ಲೇ ಗೋಡೆಯಲ್ಲಿ ಉಳಿದು, ಆರರ ಅಂಕಿ ಮಾತ್ರ ಅಪ್ಪನ ಕೈಗೆ ಬಂದಿತ್ತು. ಬೆನ್ನ ಮೇಲೆ ಅರ್ಧ ಸುದ್ದಿ: "1845: ರಬ್ಬರ್ ಬ್ಯಾಂಡಿಗೆ ಪೇಟೆಂಟ್. ಅಲ್ಲಿಯವರೆಗೆ ಜನ ಎಲ್ಲವನ್ನೂ ದಾರದಲ್ಲೇ—"

ಅಪ್ಪ ಆ ತುಂಡನ್ನು ಮೇಜಿನ ಮೇಲಿಟ್ಟು ಕೋಣೆಗೆ ಹೋದ.

"ಇನ್ನು ಬೇಡ ಕಣೇ," ಅಂದಳು ಅಮ್ಮ, ಕಣ್ಣೊರೆಸಿಕೊಳ್ಳುತ್ತಾ. "ಮೊದಲೇ ನೊಂದಿದ್ದಾರೆ. ಗಾಯದ ಮೇಲೆ ಬರೆ ಎಳೀಬೇಡ."

"ಅಮ್ಮ, ಅಪ್ಪನ ಉಳಿ ಸುತ್ತಿಗೆ ಕಥೆ ಎಷ್ಟು ಸಲ ಕೇಳಿದ್ದೀಯ? ಐವತ್ತು ವರ್ಷ ಕಾದರಂತೆ. ನನಗೆ ಐವತ್ತು ದಿನನಾದ್ರೂ ಕೊಡು."

"ಮಾಲೀಕರು ಅಷ್ಟು ಕೊಡ್ತಾರಾ?"

ಕೊಡುವುದಿಲ್ಲವೆಂದು ಮಗಳಿಗೂ ಗೊತ್ತಿತ್ತು.

ಅವಳು ಪ್ರೆಸ್ಸಿಗೆ ಹೋಗಿ, ಹಿಂದಿನ ವರ್ಷ ಮಾರಾಟವಾಗದೆ ಉಳಿದ ಕ್ಯಾಲೆಂಡರುಗಳ ಒಂದು ಹೊರೆ ಕೇಳಿ ತಂದು ಅಂಗಡಿಯಲ್ಲಿ ಪೇರಿಸಿದಳು. ಗಿರಾಕಿ ಇಲ್ಲದ ಹೊತ್ತಲ್ಲಿ ಬ್ಯಾಗಿನ ಪಟ್ಟಿಯಿಂದ ತನ್ನ ಬಲಗೈಯನ್ನು ಬೆನ್ನಿಗೆ ಕಟ್ಟಿಕೊಂಡು ಎಡಗೈಯಲ್ಲಿ ಹರಿದು ನೋಡುವುದು ಶುರುವಾಯಿತು. ಒಂದು ದಿನ ಟೇಪು ಅಂಟಿಸುತ್ತಿರುವಾಗ ಅವಳಿಗೆ ಹೊಳೆಯಿತು. ಟೇಪಿನ ಸುರುಳಿ ಸಿಕ್ಕಿಸಿಡುವ ಆ ಭಾರದ ಡಬ್ಬಿಯ ತುದಿಗೆ ಹಲ್ಲುಹಲ್ಲಿನ ಪಟ್ಟಿ ಇರುತ್ತದಲ್ಲ, ಒಂದೇ ಕೈಯಲ್ಲಿ ಎಳೆದು ಬಗ್ಗಿಸಿದರೆ ಸಾಕು, ಕಚಕ್! ಹಳೆಯ ಹೊಲಿಗೆ ಯಂತ್ರದ ಎರಕದ ಕಬ್ಬಿಣದ ತಳ ಹುಡುಕಿ, ಅದರ ಮೇಲೆ ಹಲಗೆ ಕೂರಿಸಿ, ಹಲಗೆಗೆ ಕ್ಯಾಲೆಂಡರಿನ ಕಟ್ಟು ಬಿಗಿದು, ಕಟ್ಟಿನ ತಲೆಯ ಮೇಲೆ ಹಲ್ಲಿನ ಪಟ್ಟಿ ಹೊಡೆದಳು. ಕಬ್ಬಿಣ ಬೆಟ್ಟದ ಹಾಗೆ ಕೂತಿತು. ಪಿನ್ನಿನ ಹತ್ತಿರ ಸ್ವಲ್ಪ ತಿರುಚಿದರೆ ಅವಳ ಎಡಗೈಗೆ ಹಾಳೆ ಮಲ್ಲಿಗೆಯಷ್ಟು ಹಗುರವಾಗಿ ಬಂತು.

ಹಿಗ್ಗಿನಿಂದ ಅದನ್ನು ಆಟೋದಲ್ಲಿ ಹೊತ್ತು ಮನೆಗೆ ತಂದಳು. ಹಳೇ ಕ್ಯಾಲೆಂಡರಿನ ಕಟ್ಟು ಅದರಲ್ಲಿತ್ತು, ಕೆಟ್ಟರೆ ಕೆಡಲಿ ಅಂತ. ಅಪ್ಪನ ಕೈಹಿಡಿದು ಕೂರಿಸಿದಳು. ಅಪ್ಪ ಎಳೆದ. ಕಚಕ್ ಎಂದು ಮೂರು ಹಾಳೆ ಒಟ್ಟಿಗೆ, ಮೂಲೆ ಹರಿದುಕೊಂಡು ಬಂದವು.

ಒಂದೇ ಹಾಳೆಯನ್ನು ಬಿಡಿಸಿಕೊಳ್ಳಲು ಅವನ ಬೆರಳುಗಳಿಗೆ ಆಗುತ್ತಿರಲಿಲ್ಲ. ಎಡಗೈ ಸೋತಿರಲಿಲ್ಲ ನಿಜ, ಆದರೆ ಅದು ಎಡಗೈ. ಹುಟ್ಟಿದಾರಭ್ಯ ಕಟ್ಟು ಅದುಮಿ ಹಿಡಿಯುವುದಷ್ಟೇ ಅದರ ಕೆಲಸವಾಗಿತ್ತು. ಒಂದು ಹಾಳೆಯ ದಪ್ಪ ಎಷ್ಟು ಅನ್ನುವುದು ಅದಕ್ಕೆ ಗೊತ್ತಿಲ್ಲ. ಮಗಳು ತನ್ನ ಬಲಗೈ ಕಟ್ಟಿಕೊಂಡಿದ್ದಳೇ ಹೊರತು, ಎರಡೂ ಕೈಯಿಂದ ಜಿಪ್ಪಿನ ಹಲ್ಲು ಕೂರಿಸಿ ಪಳಗಿದ ತನ್ನ ಎಡಗೈ ಅಪ್ಪನದಲ್ಲ ಅನ್ನುವುದನ್ನು ಮರೆತಿದ್ದಳು.

"ಮೂರು ದಿನ ನುಂಗಿತು," ಅಂದ ಅಪ್ಪ. ಹಾಳೆಗಳನ್ನು ಕೆಳಗೆ ಬಿಟ್ಟ. "ಹೇಗೂ ನನಗೆ ಉಳಿದಿರೋದು ಕಮ್ಮಿ. ಬೇಗ ಮುಗಿಯುತ್ತೆ, ಒಳ್ಳೇದೇ."

ಅಮ್ಮ ಮುಖಕ್ಕೆ ಸೆರಗು ಮುಚ್ಚಿಕೊಂಡಳು. ಮಗಳು ಬಾಗಿ ಮೂರು ಹಾಳೆ ಹೆಕ್ಕಿ, ಒಂದರ ಮೇಲೊಂದು ಜೋಡಿಸಿ ಮೇಜಿನ ಮೇಲಿಟ್ಟಳು. ಕೈ ಕಟ್ಟಿಕೊಂಡು ಅದೇ ಮೇಜಿನ ಮುಂದೆ ಕೂತಳು.

ಮರುದಿನದಿಂದ ಅವಳು ಅಂಗಡಿಯನ್ನು ಮಧ್ಯಾಹ್ನವೇ ಮುಚ್ಚಿ ಬಂದು, ಊಟದ ಮೇಜನ್ನೇ ಕಾರ್ಖಾನೆ ಮಾಡಿಕೊಂಡಳು. ಅಪ್ಪನ ಕಣ್ಣೆದುರಿಗೇ. ಬೇಕೆಂದು ಮಾಡಿದಳೋ, ಬೇರೆ ಜಾಗ ಇಲ್ಲದೆ ಮಾಡಿದಳೋ, ಕೇಳಿದರೆ ಅವಳು ಇವತ್ತಿಗೂ ಸರಿಯಾಗಿ ಹೇಳುವುದಿಲ್ಲ. ತಂತಿ, ಹಲಗೆ, ಸೂಟ್‌ಕೇಸಿನ ಹಿಡಿಕೆ, ಚಿಮಟ, ಬಟ್ಟೆ ಒಣಗಿಸುವ ಕ್ಲಿಪ್ಪು, ಎಲ್ಲವೂ ಮೇಜಿನ ಮೇಲೆ. ಅಮ್ಮ ತಟ್ಟೆ ಇಡಲು ಜಾಗ ಹುಡುಕಿ ಹುಡುಕಿ ಸಾಕಾಗಿ, "ನಿಮ್ಮ ಕ್ಯಾಲೆಂಡರಿನಲ್ಲಿ ಊಟದ ಮೇಜು ಕಂಡುಹಿಡಿದ ದಿನ ಇದೆಯೇನ್ರೀ? ಅದು ಯಾತಕ್ಕೆ ಅಂತಾನಾದ್ರೂ ಬರೆದಿರುತ್ತೆ," ಅಂದಳು. ಅಪ್ಪ ಆಗಲೇ ಗೋಡೆಯ ಕಡೆ ಮುಖ ಮಾಡಿ ಮಲಗುವುದನ್ನು ಬಿಟ್ಟು, ಕುರ್ಚಿಯಲ್ಲಿ ಕೂತು ನೋಡತೊಡಗಿದ್ದ.

ಮಗಳು ಕ್ಲಿಪ್ಪಿಗೆ ತಂತಿ ಕಟ್ಟಿ, ಆ ಕ್ಲಿಪ್ಪು ಹಾಳೆಯ ಕೆಳತುದಿಯನ್ನು ಕಚ್ಚಿ ಎತ್ತುವಂತೆ ಮಾಡಲು ಹೆಣಗುತ್ತಿದ್ದಳು. ಕ್ಲಿಪ್ಪು ಒಮ್ಮೆ ಎರಡು ಹಾಳೆ ಕಚ್ಚುತ್ತಿತ್ತು, ಒಮ್ಮೆ ಐದು, ಒಮ್ಮೆ ಗಾಳಿಯನ್ನು. ಒಂದು ಮಧ್ಯಾಹ್ನ ಹೀಗೆ ಹತ್ತಾರು ಸಲ ಆದ ಮೇಲೆ ಕುರ್ಚಿಯಿಂದ ದನಿ ಬಂತು.

"ತಪ್ಪು."

ಮಗಳ ಕೈ ನಿಂತಿತು. ಅದು ಅಪ್ಪನ ಪ್ರೆಸ್ಸಿನ ದನಿ. ಕರಡಚ್ಚಿನಲ್ಲಿ ಒಂದು ಒತ್ತಕ್ಷರ ಸೊಟ್ಟಗಿದ್ದರೂ ಅವನು ಹಾಗೇ ಅನ್ನುತ್ತಿದ್ದ, ತಲೆಯೆತ್ತದೆ, ಒಂದೇ ಮಾತಿನಲ್ಲಿ. ಯಾರ ಮದುವೆಯ ಕರೆಯೋಲೆಯಾದರೂ ಸರಿ, ತಪ್ಪು ಕಂಡ ಮೇಲೆ ಸುಮ್ಮನಿರುವುದು ಅವನ ಜಾಯಮಾನದಲ್ಲಿ ಇರಲಿಲ್ಲ.

"ಏನು ತಪ್ಪು?"

"ಎಳೀತಿದ್ದೀಯ. ಎಳೀಬಾರ್ದು." ಅಪ್ಪ ಉಸಿರು ತೆಗೆದುಕೊಂಡ. "ಪ್ರೆಸ್ಸಲ್ಲಿ ಮಿಷಿನ್ನು ಹಾಳೆ ಹೇಗೆ ತಗೊಳ್ಳುತ್ತೆ? ಕಚ್ಚಿ ಎಳೆಯುತ್ತಾ? ತಳ್ಳುತ್ತೆ. ಮೇಲಿನ ಒಂದನ್ನೇ ತಳ್ಳುತ್ತೆ. ಅದು ಬೆನ್ನು ಬಗ್ಗಿಸಿ ಏಳುತ್ತೆ. ಆಮೇಲೆ ಹಿಡಿ."

"ಯಾವುದರಿಂದ ತಳ್ಳುತ್ತೆ?"

ಅಪ್ಪ ಎಡಗೈಯಿಂದ ಮೇಜಿನ ಮೇಲೆ ತಡಕಾಡಿ, ತಂತಿಗಳ ಕೆಳಗಿಂದ ಆ ಹರಿದ ಅರ್ಧ ಹಾಳೆಯನ್ನು ಎಳೆದು ಅವಳ ಮುಂದಿಟ್ಟ. ಬೆರಳು ಒಂದು ಪದದ ಮೇಲೆ ನಿಂತಿತು. ರಬ್ಬರ್.

"ಮಿಷಿನ್ನಿನಲ್ಲಿ ರಬ್ಬರಿನ ಉರುಳೆ ಇರುತ್ತೆ. ಕಾಗದ ಕಾಗದದ ಮೇಲೆ ಜಾರುತ್ತೆ. ರಬ್ಬರು ಜಾರಲ್ಲ."

ಮಗಳು ಎದ್ದವಳೇ ಅಡುಗೆಮನೆಗೆ ಓಡಿದಳು. ಪೊಟ್ಟಣಗಳಿಗೆ ಸುತ್ತಿದ್ದ ರಬ್ಬರ್ ಬ್ಯಾಂಡುಗಳನ್ನೆಲ್ಲ ಕಿತ್ತಳು. ಸಕ್ಕರೆ ಚೆಲ್ಲಿತು, ಅಮ್ಮ ಕೂಗಿದಳು, ಕಿವಿಗೆ ಹಾಕಿಕೊಳ್ಳುವವರು ಯಾರು? ಒಂದು ಗುಂಡು ಕೋಲಿಗೆ ಬ್ಯಾಂಡುಗಳನ್ನು ಒತ್ತೊತ್ತಾಗಿ ಸುತ್ತಿ, ಅದನ್ನು ಸೂಟ್‌ಕೇಸಿನ ಹಿಡಿಕೆಯ ನಡುವೆ ಕೂರಿಸಿ, ಹಿಡಿಕೆಯನ್ನು ಹಲಗೆಯ ಎರಡು ಬದಿಯಲ್ಲಿ ಕೊರೆದ ಸಂದುಗಳಲ್ಲಿ ಹಿಂದೆ ಮುಂದೆ ಸರಿಯುವ ಹಾಗೆ ಮಾಡಿದಳು. ಕೆಲಸ ಎರಡು ದಿನ ಹಿಡಿಯಿತು, ಯಾಕೆಂದರೆ ಈಗ ಮೇಸ್ತ್ರಿ ಸಿಕ್ಕಿದ್ದ. "ತಪ್ಪು. ಹಲಗೆ ಇಳಿಜಾರಿರಲಿ." "ತಪ್ಪು. ಉರುಳೆ ತಿರುಗಬಾರದು, ಬಿಗಿ." "ತಪ್ಪು. ಹಿಡಿಕೆ ಅಂಗೈಗೆ ಬರಲಿ, ಬೆರಳಿಗಲ್ಲ. ಬೆರಳಿಗೆ ಬುದ್ಧಿ ಇಲ್ಲ ಇನ್ನೂ." ಮಗಳಿಗೆ ಒಂದೊಂದು ತಪ್ಪಿಗೂ ಮೈ ಉರಿಯುತ್ತಿತ್ತು, ಮನಸ್ಸು ಹಿಗ್ಗುತ್ತಿತ್ತು. ಇಬ್ಬರೂ ಜಗಳವಾಡಿದರು. ಅಪ್ಪನಿಗೆ ಜಗಳದ ಮಧ್ಯೆ ಮಾತು ತೊದಲುವುದು ಕಡಿಮೆಯಾಗಿತ್ತು, ಅದನ್ನು ಗಮನಿಸಿದವಳು ಅಮ್ಮ.

ಹಳೆಯ ಕಟ್ಟಿನ ಮೇಲೆ ಪರೀಕ್ಷೆ ನಡೆಯಿತು. ಅಪ್ಪ ಅಂಗೈಯಿಂದ ಹಿಡಿಕೆ ಅದುಮಿ ಮೇಲಕ್ಕೆ ನೂಕಿದ. ಮೇಲಿನ ಹಾಳೆ, ಒಂದೇ ಒಂದು ಹಾಳೆ, ನಡು ಬಗ್ಗಿಸಿ ಎದ್ದಿತು. ಅವನು ಕೈಯನ್ನು ಅದರಡಿಗೆ ತೂರಿಸಿ ಹಿಡಿದು ಹಲ್ಲಿನ ಪಟ್ಟಿಗೆ ಎಳೆದ. ಅರ್ಧದವರೆಗೆ ಚೆನ್ನಾಗಿ ಹರಿದು, ಎರಡನೇ ಪಿನ್ನಿನ ಹತ್ತಿರ ಹಾಳೆ ಹಠ ಹಿಡಿದು ಸೊಟ್ಟಗಾಯಿತು.

ಇನ್ನೊಂದು ಹಾಳೆ. ಅದೇ ಜಾಗ. ಮತ್ತೊಂದು. ಅದೇ.

ಮಗಳು ಇಕ್ಕಳ ಕೈಗೆತ್ತಿಕೊಂಡು, ಮತ್ತೆ ಮೇಜಿನ ಮೇಲಿಟ್ಟಳು. ಆ ಪಿನ್ನು ತೆಗೆದರೆ ಆಗುತ್ತದೆಂದು ಅವಳಿಗೆ ಮೊದಲ ದಿನದಿಂದ ಗೊತ್ತಿತ್ತು. ಹೇಳಲು ಬಾಯಿ ಬಂದಿರಲಿಲ್ಲ. ಅದು ಅಪ್ಪನ ಪಿನ್ನು. ಊರ ಮಕ್ಕಳ ಆತುರಕ್ಕೆಲ್ಲ ಹಾಕಿದ ಚಿಲಕ. ಅಪ್ಪ ಜೀವನದಲ್ಲಿ ತಾನು ಕಂಡುಹಿಡಿದದ್ದು ಅಂತ ಏನಾದರೂ ಇದ್ದರೆ ಅದೊಂದೇ ಅಂತ ನಗುತ್ತಾ ಹೇಳಿಕೊಳ್ಳುತ್ತಿದ್ದ.

ಅಪ್ಪ ಬಾಗಿ ಹರಿದ ಜಾಗ ನೋಡಿದ. ಎಡ ಹೆಬ್ಬೆರಳಿನಿಂದ ಪಿನ್ನನ್ನು ಸವರಿದ.

"ಮಕ್ಕಳಿಗೆ ಅಂತ ಹಾಕ್ಸಿದ್ದು," ಅಂದ. "ಆಗದವರ ಕೈ ಯೋಚನೆ ಮಾಡ್ಲೇ ಇಲ್ಲ ನಾನು. ಎಷ್ಟು ಮನೆಯಲ್ಲಿ ಇರ್ತಾರೆ ನನ್ನ ಥರದವರು. ಯಾರೂ ಒಂದು ದಿನ ಬಂದು ಹೇಳ್ಲಿಲ್ಲ ನೋಡು."

"ನೀನು ಹೇಳಿದ್ಯಾ ಯಾರಿಗಾದ್ರೂ? ಗೋಡೆ ನೋಡ್ಕೊಂಡು ಮಲಗಿದ್ದೆ. ಅವರೂ ಹಾಗೇ ಮಲಗಿರ್ತಾರೆ."

ಆ ಮಾತು ಖಾರವಾಯಿತೆಂದು ಅವಳಿಗೆ ಆಡಿದ ಮೇಲೆ ಅನ್ನಿಸಿತು. ಅಪ್ಪ ಅವಳ ಮುಖ ನೋಡಿದ. ಬಾಯಿಯ ಸರಿಯಿದ್ದ ಬದಿ ಮಾತ್ರ ಸ್ವಲ್ಪ ನಕ್ಕಿತು.

"ತೆಗಿ," ಅಂದ. "ಈ ಹಳೇದರಿಂದ ಅಲ್ಲ. ಗೋಡೇದು ತಗೊಂಬಾ. ಅದರದು ತೆಗಿ."

ಮಗಳು ಗೋಡೆಯ ಸ್ಕ್ರೂಗಳನ್ನು ಬಿಚ್ಚಿ, ಮಾರ್ಚ್ ಹದಿನಾರರ ಉಳಿದರ್ಧ ಹೊತ್ತ ಕ್ಯಾಲೆಂಡರನ್ನು ಇಳಿಸಿ ತಂದಳು. ಎರಡನೇ ಪಿನ್ನಿನ ಕಾಲು ಬಿಡಿಸಿ, ಇಕ್ಕಳದಲ್ಲಿ ಹಿಡಿದು ಎಳೆದಳು. ಇಪ್ಪತ್ತು ಇಪ್ಪತ್ತೈದು ವರ್ಷ ಊರನ್ನೇ ಕಾದಿದ್ದ ಆ ಚಿಲಕ ಬಂದದ್ದು ಮುರುಕು ಗುಂಡುಸೂಜಿಯಷ್ಟು. ಮೇಜಿನ ಮೇಲೆ ಟಿಣ್ ಎಂದು ಬಿತ್ತು. ಕಟ್ಟನ್ನು ಹಲಗೆಗೆ ಕೂರಿಸಿದಳು.

ಮೇ ಹತ್ತೊಂಬತ್ತರ ಬೆಳಿಗ್ಗೆ, ಕಿಟಕಿಯಿಂದ ಬಿಸಿಲು ಮೇಜಿನ ಮೇಲೆ ಬಿದ್ದಿತ್ತು. ಅಪ್ಪ ಕುರ್ಚಿ ಎಳೆದುಕೊಂಡು ಕೂತ, ಅಮ್ಮ ಒಲೆ ಆರಿಸಿ ಬಂದಳು.

ಅಂಗೈ ಹಿಡಿಕೆಯ ಮೇಲೆ ಹೋಯಿತು. ನೂಕಿದ. ಹದಿನಾರರ ಉಳಿದರ್ಧ ಬೆನ್ನು ಬಗ್ಗಿಸಿತು. ಎಳೆದ. ಕಚಕ್.

ಬಂತು! ಅಂಚು ದಾರ ಹಿಡಿದು ಕತ್ತರಿಸಿದಷ್ಟು ನೇರ. ಕೆಳಗೆ ಮಾರ್ಚ್ ಹದಿನೇಳು, ಅಚ್ಚಾದಾಗಿನಿಂದ ಬೆಳಕನ್ನೇ ಕಂಡಿರದ ಹಾಳೆ, ಬೆಳ್ಳಗೆ ನಿಂತಿತ್ತು. ಅಪ್ಪ ಎರಡು ತುಂಡುಗಳನ್ನು ಪಕ್ಕಪಕ್ಕ ಇಟ್ಟು, ಸುದ್ದಿಯ ಬಾಲವನ್ನು ತೊದಲುತ್ತಾ ಓದಿ ಮುಗಿಸಿದ: "—ಕಟ್ಟುತ್ತಿದ್ದರು, ಬಿಚ್ಚಲಾಗದೆ ಒದ್ದಾಡುತ್ತಿದ್ದರು."

ಅಮ್ಮ ಜೋರಾಗಿ ಅತ್ತಳು. "ಅಳಬೇಡ, ಎಣಿಸಿಕೋ," ಅಂದ ಅಪ್ಪ. ಮತ್ತೆ ನೂಕಿದ.

ಅವನು ಒಂದೊಂದಾಗಿ ಹರಿದ, ಒಂದೊಂದನ್ನೂ ತಿರುಗಿಸಿ ಗಟ್ಟಿಯಾಗಿ ಓದಿದ. ಒಂದನ್ನೂ ಬಿಡಲಿಲ್ಲ. ಪೆನ್ಸಿಲ್ಲಿಗೆ ರಬ್ಬರು ಅಂಟಿಸಿದ್ದು ಬಂತು, ಬೆಂಕಿಕಡ್ಡಿ ಮೊದಲ ಸಲ ಅಂಗಡಿಯಲ್ಲಿ ಮಾರಾಟವಾದದ್ದು ಬಂತು, ಸೇಫ್ಟಿ ಪಿನ್ನು, ಮನುಷ್ಯ ಮೊದಲು ಅಂತರಿಕ್ಷಕ್ಕೆ ಹೋದದ್ದು, ಮುಳುಗುವುದೇ ಇಲ್ಲವೆಂದು ಜನ ನಂಬಿದ್ದ ಹಡಗು ಮು‌ಳುಗಿದ್ದು. ಜಿಪ್ಪಿನ ಪೇಟೆಂಟು ಬಂದಾಗ ಮಗಳು ಚಪ್ಪಾಳೆ ಹೊಡೆದಳು. ನಡುವೆ ಕೈ ಸೋತರೆ ನಿಲ್ಲಿಸಿ, ನೀರು ಕುಡಿದು, ಮತ್ತೆ ಹಿಡಿಕೆಗೆ ಕೈ ಹಾಕುತ್ತಿದ್ದ. ಸಾಕು, ಉಳಿದದ್ದು ಸಂಜೆಗೆ ಅಂದರೆ ಕೇಳುವವನಲ್ಲ.

ಏಪ್ರಿಲ್ ಮೊದಲ ವಾರದ ಒಂದು ಹಾಳೆ ತಿರುಗಿಸಿದವನು ಓದುವ ಬದಲು ಮಗಳ ಕಡೆ ಹಿಡಿದ. ಮಗಳು ಬಗ್ಗಿ ನೋಡಿದಳು. "ಈ ದಿನ ವಿಶೇಷವೇನೂ ನಡೆದಿಲ್ಲ. ಊಟ ಮಾಡಿ, ಚೆನ್ನಾಗಿ ನಿದ್ದೆ ಮಾಡಿ."

ಅಮ್ಮ ಆ ಹಾಳೆಯನ್ನು ಅವನ ಕೈಯಿಂದ ಕಿತ್ತುಕೊಂಡು ತಾರೀಖು ನೋಡಿದಳು. "ನಡೆದಿಲ್ವಂತೆ! ಇದರ ಮರುದಿನ ಅಂದ್ರೆ ಯಾವತ್ತು ಗೊತ್ತೇನ್ರೀ? ಆಸ್ಪತ್ರೇಲಿ ನೀವು ಮೊದಲ ಸಲ ದಿಂಬಿಗೆ ಒರಗಿ ಕೂತಿರಿ. ನನ್ನ ಹೆಸರು ಹಿಡಿದು ಕರೆದಿರಿ. ನಾನು ಅವತ್ತು ಊಟಾನೂ ಮಾಡ್ಲಿಲ್ಲ, ನಿದ್ದೇನೂ ಮಾಡ್ಲಿಲ್ಲ. ಏನೂ ನಡೆದಿಲ್ವಂತೆ. ತಪ್ಪು!"

ಮೂವತ್ತು ವರ್ಷದ ಸಂಸಾರದಲ್ಲಿ ಅವನಿಗೆ ಆ ಮಾತನ್ನು ಅವಳು ವಾಪಸು ಕೊಟ್ಟದ್ದು ಅದೇ ಮೊದಲು. ಅಪ್ಪ ತಲೆ ತಗ್ಗಿಸಿ ಒಪ್ಪಿಕೊಂಡ. ಅವನ ಕಣ್ಣು ತುಂಬಿತ್ತು, ಒರೆಸಿಕೊಳ್ಳುವ ಕೈ ಹಿಡಿಕೆಯ ಮೇಲಿದ್ದದ್ದರಿಂದ ಹಾಗೇ ಹರಿಯಲು ಬಿಟ್ಟ.

ಊಟದ ಹೊತ್ತು ಮೀರಿ ಹೋಯಿತು. ಮೇಜಿನ ಮೇಲೆ, ಕೆಳಗೆ, ಅಪ್ಪನ ಮಡಿಲಲ್ಲಿ ಎಲ್ಲೆಲ್ಲೂ ದಿನಗಳು. ಕೊನೆಗೆ ಮೇ ಹದಿನೆಂಟೂ ಕಚಕ್ ಎಂದು ಬಂತು. ಹಲಗೆಯ ಮೇಲೆ ಹತ್ತೊಂಬತ್ತು ನಿಂತಿತು. ಇವತ್ತು. ಎರಡು ತಿಂಗಳ ಮೇಲೆ ಆ ಮನೆಯಲ್ಲಿ ಮೊದಲ ಸಲ ಇವತ್ತು.

"ಆಯ್ತಲ್ಲ!" ಅಂದಳು ಅಮ್ಮ. "ಇನ್ನು ಎದ್ದು ಊಟ ಮಾಡಿ."

"ಮಾಲೀಕರಿಗೆ ಫೋನ್ ಮಾಡು," ಅಂದ ಅಪ್ಪ ಮಗಳಿಗೆ. "ಬರೆಯೋ ಕೆಲಸ ನಾಳೆಯಿಂದ. ನಾನು ಹೇಳ್ತೀನಿ, ನೀನು ಬರ್ಕೋ. ಇನ್ನೊಂದು ಮಾತು ಹೇಳು, ಮುಂದಿನ ವರ್ಷದಿಂದ ಒಂದೇ ಪಿನ್ನು."

ಮಗಳು ಫೋನು ಕೈಗೆತ್ತಿಕೊಂಡು ತಿರುಗುವಷ್ಟರಲ್ಲಿ ಹಿಂದಿನಿಂದ ಪರಿಚಿತ ಸದ್ದು. ಕಚಕ್.

"ಅಯ್ಯೋ!" ಅಮ್ಮ ಎರಡೂ ಕೈ ಎತ್ತಿದಳು. "ಅದು ಇವತ್ತಿಂದು ಕಣ್ರೀ! ಇನ್ನೂ ಮಧ್ಯಾಹ್ನ! ಇವತ್ತಿಂದು ಇವತ್ತೇ ಹರಿದ್ರಾ? ನೀವಾ?"

ಅಪ್ಪ ಸಿಕ್ಕಿಬಿದ್ದವರ ಹಾಗೆ ಅವಳನ್ನು ನೋಡಿದ. ಮೇ ಹತ್ತೊಂಬತ್ತು ಅವನ ಎಡಗೈಯಲ್ಲಿತ್ತು, ಹಲಗೆಯ ಮೇಲೆ ನಾಳೆ ನಿಂತಿತ್ತು.

"ಕಾಯೋಕೆ ಆಗ್ಲಿಲ್ಲ," ಅಂದ. "ಇದು ಇವಳಿಗೆ ಅಂತ ಹೋದ ವರ್ಷವೇ ಹಾಕಿದ್ದೆ." ಹಾಳೆ ತಿರುಗಿಸಿ, ಬಿಸಿಲಿಗೆ ಹಿಡಿದು, ಒಂದೊಂದೇ ಪದ ಓದಿದ: "ಮೇ ಇಪ್ಪತ್ತು, 1873: ಪ್ಯಾಂಟಿನ ಜೇಬಿಗೆ ತಾಮ್ರದ ರಿವೆಟ್ ಹೊಡೆಯುವ ಉಪಾಯಕ್ಕೆ ಪೇಟೆಂಟ್. ಕೂಲಿಯವನ ಬಟ್ಟೆ ಪದೇ ಪದೇ ಹರಿಯುತ್ತದೆಂದು ಅವನ ಹೆಂಡತಿ ಬಂದು ಕೇಳಿದಳು. ದರ್ಜಿ ಆಗುವುದಿಲ್ಲ ಅನ್ನಲಿಲ್ಲ."

ಬ್ಯಾಗಿನ ಹಿಡಿಕೆ ಕೀಳದ ಹಾಗೆ ಅಂಗಡಿಯಲ್ಲಿ ದಿನಾ ತಾನು ಹೊಡೆಯುವ ರಿವೆಟ್ಟುಗಳ ಮೇಲೆ ಅಪ್ಪನಿಗೆ ಕಣ್ಣಿತ್ತೆಂದು ಮಗಳಿಗೆ ಗೊತ್ತೇ ಇರಲಿಲ್ಲ.

"ಗೋಂದು ತಾರೇ," ಅಂದಳು ಅಮ್ಮ, ನಗುತ್ತಾ, ಅಳುತ್ತಾ. "ನಿಮ್ಮಪ್ಪ ಇವತ್ತು ಸಂಜೆಯವರೆಗೆ ಕೂತು ಅಂಟಿಸಲಿ."

ಮಗಳು ಗೋಂದು ತರಲು ಏಳಲಿಲ್ಲ. ಅಪ್ಪನ ಕೈಯಿಂದ ಆ ಹಾಳೆ ತೆಗೆದುಕೊಂಡು, ಮಡಿಸದೆ, ಅಂಗಡಿಗೆ ಒಯ್ಯಲು ತನ್ನ ಚೀಲದಲ್ಲಿಟ್ಟುಕೊಂಡಳು. ಆಮೇಲೆ ಮೂವರೂ ಹರಿದ ದಿನಗಳನ್ನು ಬದಿಗೆ ಸರಿಸಿ ತಟ್ಟೆಗೆ ಜಾಗ ಮಾಡಿಕೊಂಡು ಊಟಕ್ಕೆ ಕೂತರು.